ಜೋಡಿ ಕಟ್ಟಿದ ಫುಟ್‌ಬಾಲು

ಆಟ ಆಡುವವರಿಗೆ ಒಂದಲ್ಲ ಒಂದು ದಿನ ವಯಸ್ಸಾಗುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ, ಮನೆಗೆ ಹೋಗುತ್ತಾರೆ. ಆಟದ ಬಗ್ಗೆ ಮಾತಾಡುವವರಿಗೆ ಅಂಥ ತೊಂದರೆ ಏನೂ ಇಲ್ಲ. ಅದಕ್ಕೇ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕ ಮುಗಿದು ಎಂಬತ್ತು ಕಣ್ಣು ಬಿಡುತ್ತಿದ್ದ ಕಾಲದಲ್ಲಿ ನಾನು ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಟೈಂ ಆಫೀಸಿನ ಗುಮಾಸ್ತನಾಗಿದ್ದೆ. ಅಲ್ಲಿ ತಯಾರಾಗುವುದು ಪಂಪ್‌ಸೆಟ್ಟಿನ ನಟ್ಟು, ಬೋಲ್ಟು ಅಂತ ಗೇಟಿನ ಬೋರ್ಡಿನಲ್ಲಿ ಬರೆದಿತ್ತು. ನಿಜವಾಗಿ ತಯಾರಾಗುತ್ತಿದ್ದದ್ದು ವಾದ.

ಕ್ಯಾಂಟೀನಿನ ಪಟ್ಟು

ನಮ್ಮ ಸ್ಟೋರ್‌ಕೀಪರು ಕುಣಿಗಲ್ ಕಡೆಯವರು. ಪ್ರಾಯದಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದ್ದವರು. ಅದು ಬಿಟ್ಟು ಬಹಳ ವರ್ಷವಾಗಿ, ತೋಳಿನಲ್ಲಿ ಇದ್ದದ್ದೆಲ್ಲ ನಿಧಾನವಾಗಿ ಹೊಟ್ಟೆಗೆ ಇಳಿದಿದ್ದರೂ ಎಲ್ಲರ ಬಾಯಲ್ಲಿ ಅವರು ಪೈಲ್ವಾನ್ರೇ. ಫೋರ್‌ಮನ್ನು ಗುಬ್ಬಿಯವರು. ಬೆಂಗಳೂರಿನ ಒಂದು ದೊಡ್ಡ ಫ್ಯಾಕ್ಟರಿಯಲ್ಲಿ ಕೆಲವು ಕಾಲ ಇದ್ದು, ಅಲ್ಲಿನ ಫುಟ್‌ಬಾಲ್ ಮ್ಯಾಚುಗಳನ್ನು ನೋಡಿ ಬಂದವರು. ಅವರು ಚೆಂಡು ಒದ್ದದ್ದನ್ನು ಕಂಡವರಿಲ್ಲ. ಆದರೆ ಯಾರು ಹೇಗೆ ಒದೆಯಬೇಕಿತ್ತು ಅನ್ನುವುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಜಿಲ್ಲೆಯಲ್ಲೇ ಇರಲಿಲ್ಲ.

ಆಗ ಊರೂರಿಗೆ ಫ್ರೀಸ್ಟೈಲ್ ಕುಸ್ತಿಯ ಕಂಪನಿಗಳು ಬರುತ್ತಿದ್ದವು. ಗೋಡೆ ತುಂಬ ಪೋಸ್ಟರು, ಜಟಕಾದಲ್ಲಿ ಮೈಕು, ಪೋಸ್ಟರಿನಲ್ಲಿ ಹಲ್ಲು ಕಿರಿಯುವ ದೈತ್ಯರು. ಪೈಲ್ವಾನ್ರು ಅದನ್ನು ದೇವರಷ್ಟು ನಂಬಿದ್ದರು. ಫೋರ್‌ಮನ್ನು ಒಂದು ದಿನ ಬೋಂಡ ಕಚ್ಚುತ್ತಾ, "ಅದೆಲ್ಲ ನಾಟಕ ಕಣ್ರೀ ಪೈಲ್ವಾನ್ರೇ. ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ. ಆ ಪಟ್ಟು ಹಾಕಿದ್ರೆ ಇರುವೇನೂ ಸಾಯಲ್ಲ" ಅಂದರು.

"ಇರುವೆ ಯಾಕೆ, ನಿಮಗೇ ಹಾಕ್ತೀನಿ ಬನ್ನಿ" ಅಂತ ಪೈಲ್ವಾನ್ರು ಎದ್ದರು. ಫೋರ್‌ಮನ್ನು ಕುತ್ತಿಗೆ ಕೊಟ್ಟರು. ವಾದದ ಮರ್ಯಾದೆಯ ಪ್ರಶ್ನೆ, ಹಿಂದೆ ಸರಿಯುವ ಹಾಗಿಲ್ಲ. ಪೈಲ್ವಾನ್ರು ಕಂಕುಳಲ್ಲಿ ತಲೆ ಸಿಕ್ಕಿಸಿ ಒಂದು ಸುತ್ತು ತಿರುವಿದರು. ಕಟಕ್ ಅಂತ ಸದ್ದು ಕ್ಯಾಂಟೀನಿನ ಒಲೆಯ ತನಕ ಕೇಳಿಸಿತು.

"ಈಗೇನಂತೀರಿ?"

ಕಂಕುಳ ಒಳಗಿನಿಂದ ಕೀರಲು ದನಿ ಬಂತು: "ಸುಳ್ಳು!"

ಇನ್ನೊಂದು ಸುತ್ತು ತಿರುವಿದರು.

"ಪೂರ್ತಿ ಸುಳ್ಳು!"

ಆಮೇಲೆ ಬಹಳ ದಿನ ಫೋರ್‌ಮನ್ನು ಯಾರ ಜೊತೆ ಮಾತಾಡಿದರೂ ಮುಖ ಬಲಗಡೆಯ ಗೋಡೆಯ ಕಡೆ ಇರುತ್ತಿತ್ತು. ಏನಾಯಿತು ಸಾರ್ ಅಂತ ಕೇಳಿದವರಿಗೆಲ್ಲ ಗೋಡೆಯನ್ನು ನೋಡುತ್ತಲೇ, "ದಿಂಬು ಸರಿಯಿರ್ಲಿಲ್ಲ" ಅನ್ನುತ್ತಿದ್ದರು.

ಸ್ಟೋರಿಗೆ ಸೂತಕ

ಕುಸ್ತಿ ಕಂಪನಿ ತುಮಕೂರಿಗೇ ಬಂತು. ಒಂದು ಕಡೆ ಪಂಜಾಬಿನ ಸಜ್ಜನ ಪೈಲ್ವಾನ್, ಇನ್ನೊಂದು ಕಡೆ 'ಇರಾನಿನ ಹುಲಿ' ಅನ್ನುವ ಕೇಡಿಗ. ಹುಲಿಗೆ ಗಡ್ಡ, ಮೈ ತುಂಬ ಎಣ್ಣೆ, ಬಾಯಲ್ಲಿ ಯಾರಿಗೂ ಅರ್ಥವಾಗದ ಭಾಷೆ. ರೆಫರಿ ಮುಖ ತಿರುಗಿಸಿದ ಕೂಡಲೇ ಅವನು ಸಜ್ಜನನ ಕಿವಿ ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು. ರೆಫರಿಯೋ, ಹುಲಿಯ ಕೆಲಸ ಮುಗಿಯುವವರೆಗೂ ಪಾಪ ತನ್ನ ಶೂ ಲೇಸು ಕಟ್ಟಿಕೊಳ್ಳುತ್ತಲೇ ಇದ್ದ.

ಪೈಲ್ವಾನ್ರು ಮುಂದಿನ ಸಾಲಿನಲ್ಲಿ ನಿಂತು, "ರೆಫರಿ, ನಿನ್ ಕಣ್ಣೇನ್ ಕುರುಡಾಗೈತಾ? ಕಚ್ತಾವ್ನೆ ಕಣೋ! ಈ ಕಡೆ ತಿರುಗ್ಲಾ!" ಅಂತ ಗಂಟಲು ಹರಿದುಕೊಂಡರು. ಏನೂ ಪ್ರಯೋಜನವಾಗಲಿಲ್ಲ. ಸಜ್ಜನ ಸೋತ.

ಮರುದಿನ ಬೆಳಿಗ್ಗೆ ಸ್ಟೋರಿನ ಬಾಗಿಲು ಮುಚ್ಚಿತ್ತು. ಪೈಲ್ವಾನ್ರು ಒಳಗೇ ಸ್ಟೂಲಿನ ಮೇಲೆ ಕೂತಿದ್ದರು, ಶೇವಿಂಗೂ ಮಾಡಿರಲಿಲ್ಲ. ಮಿಷನ್ನುಗಳಿಗೆ ಎಣ್ಣೆ ಬೇಕು, ಡ್ರಿಲ್ ಬಿಟ್ಟು ಬೇಕು. ಯಾರು ಕೂಗಿದರೂ ಒಳಗಿಂದ ಒಂದೇ ಉತ್ತರ: "ಇವತ್ತು ಏನೂ ಕೇಳ್ಬೇಡಿ." ಮಧ್ಯಾಹ್ನದ ತನಕ ಇಡೀ ಕಾರ್ಖಾನೆ ನಿಂತಿತ್ತು. ಮಾಲೀಕರು ಫೋನ್ ಮಾಡಿ ಯಾಕೆ ಪ್ರೊಡಕ್ಷನ್ ಇಲ್ಲ ಅಂತ ಕೇಳಿದಾಗ ಫೋರ್‌ಮನ್ನು ಸುಳ್ಳು ಹೇಳಲಿಲ್ಲ. "ಇರಾನಿಂದ ತೊಂದ್ರೆ ಸಾರ್" ಅಂದರು. ಮಾಲೀಕರು ಪೇಪರ್ ಓದುವವರು, ಇರಾನಿನ ಗಲಾಟೆಯಿಂದಾದ ಎಣ್ಣೆ ಅಭಾವ ಅಂದುಕೊಂಡು ಸುಮ್ಮನಾದರು.

ಇನ್ನೊಂಚೂರು ಚಟ್ನಿ

ಅದೇ ವಾರ ನಮ್ಮ ಲೇತ್ ಆಪರೇಟರ ಮನೆಯ ಗೃಹಪ್ರವೇಶಕ್ಕೆ ಅಂತ ಅವರಿಬ್ಬರೂ ನಾನೂ ಕುಣಿಗಲ್ಲಿಗೆ ಹೋದೆವು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಕಾಫಿಗೆ ನುಗ್ಗಿದರೆ, ಮೂಲೆಯ ಟೇಬಲ್ಲಿನಲ್ಲಿ ಇರಾನಿನ ಹುಲಿ! ಅವನ ಎದುರಿಗೇ ಪಂಜಾಬಿನ ಸಜ್ಜನ! ಹುಲಿ ತನ್ನ ದೋಸೆಯನ್ನು ಮುರಿದು ಅರ್ಧ ಸಜ್ಜನನ ತಟ್ಟೆಗೆ ಹಾಕುತ್ತಿದ್ದ. ಸಜ್ಜನ "ಸಾಕು ಬುಡಣ್ಣ" ಅನ್ನುತ್ತಿದ್ದ.

ಫೋರ್‌ಮನ್ನಿನ ಮುಖ ಲಗ್ನದ ಮನೆಯ ಹಾಗೆ ಬೆಳಗಿತು. ಪೈಲ್ವಾನ್ರ ಭುಜ ಹಿಡಿದು ಆ ಕಡೆ ತಿರುಗಿಸಿದರು. ಅಷ್ಟರಲ್ಲಿ ಹುಲಿ ಸಪ್ಲೈಯರನ್ನು ಕರೆದು, ನಮ್ಮ ಹಳ್ಳಿಯವರ ದನಿಯಲ್ಲೇ, "ಇನ್ನೊಂಚೂರು ಚಟ್ನಿ ಹಾಕಪ್ಪೋ, ಗಟ್ಟಿದು" ಅಂದ.

ಇಷ್ಟು ವರ್ಷದ ನಂಬಿಕೆ ಹೀಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಚಟ್ನಿಯ ಪಾಲಾಗಬಾರದಿತ್ತು. ಫೋರ್‌ಮನ್ನು ಇನ್ನೂ ಸ್ವಲ್ಪ ಬಲಕ್ಕೆ ವಾಲಿದ್ದ ಕುತ್ತಿಗೆಯಲ್ಲೇ ಪೈಲ್ವಾನ್ರ ಮುಖ ನೋಡಿ, "ಹ್ಞೂಂ, ಈಗ ಹೇಳಿ" ಅಂದರು.

ಪೈಲ್ವಾನ್ರು ಬಹಳ ಹೊತ್ತು ಹುಲಿಯನ್ನೇ ನೋಡಿದರು. ಆಮೇಲೆ ನಿಧಾನವಾಗಿ ತಲೆದೂಗಿದರು.

"ಏನ್ ಬುದ್ಧಿವಂತ ನೋಡಿ ಫೋರ್‌ಮನ್ ಸಾಹೇಬ್ರೇ! ಇರಾನಿಂದ ಬಂದು ವಾರ ಆಗಿಲ್ಲ, ಕನ್ನಡ ಕಲ್ತುಬುಟ್ಟವ್ನೆ!"

ಸೆಂಟರ್ ಫಾರ್ವರ್ಡ್ ತಿಂದವರು

ಮಾಲೀಕರು ಕಲ್ಕತ್ತದಲ್ಲಿ ಓದಿದವರು, ಫುಟ್‌ಬಾಲ್ ಅಂದರೆ ಪ್ರಾಣ. ಗುಬ್ಬಿಯಲ್ಲಿ ಒಂದು ಕಪ್ಪಿಗೆ ಟೂರ್ನಮೆಂಟು ನಡೆಯುತ್ತದೆ ಅಂತ ಗೊತ್ತಾಗಿ, ನಮ್ಮ ಕಾರ್ಖಾನೆಯಿಂದಲೂ ಒಂದು ಟೀಮು ಹೋಗಬೇಕು ಅಂದರು. ಫೋರ್‌ಮನ್ನಿಗೆ ಆಟ ಗೊತ್ತು, ಸ್ಟೋರ್‌ಕೀಪರಿಗೆ ಮೈ ಪಳಗಿಸುವುದು ಗೊತ್ತು, ಇಬ್ಬರೂ ಸೇರಿ ಮ್ಯಾನೇಜ್ ಮಾಡಲಿ ಅಂದರು. ಒಂದು ಟೀಮಿಗೆ ಒಬ್ಬ ಮ್ಯಾನೇಜರ್ ಇದ್ದರೇ ಕಷ್ಟ. ಆದರೆ ಮಾಲೀಕರಿಗೆ ಬುದ್ಧಿ ಹೇಳುವ ಕೆಲಸ ಟೈಂ ಆಫೀಸಿನದಲ್ಲ.

ಗೋಲಿಯಾಗಿ, ಅಂದರೆ ಗೋಲು ಕಾಯುವುದಕ್ಕೆ, ಸಿಕ್ಕವನು ಸಿ.ಎಸ್. ಪುರದ ಕಡೆಯ ಹುಡುಗ. ಉದ್ದಕ್ಕೆ, ಸಣ್ಣಗೆ, ಗಳುವಿನ ಹಾಗಿದ್ದ. ಕಾರ್ಖಾನೆಗೆ ಬರುವ ಮೊದಲು ಲಾರಿಯಿಂದ ಹೆಂಚು ಇಳಿಸುತ್ತಿದ್ದನಂತೆ. ಮೇಲಿನವನು ಎಸೆದರೆ ಇವನು ಕೆಳಗೆ ಹಿಡಿಯುವುದು. ಒಂದು ಹೆಂಚೂ ಒಡೆದವನಲ್ಲ. ಗೇಟಿನಲ್ಲಿ ಯಾರೋ ಎಸೆದ ಹೆಲ್ಮೆಟ್ಟನ್ನು ಅವನು ಹಾರಿ ಹಿಡಿದದ್ದನ್ನು ಮಾಲೀಕರು ಕಾರಿನಿಂದ ನೋಡಿದ್ದರು. ಟೀಮಿನಲ್ಲಿ ಟೆಂಪರರಿ ಕೆಲಸಗಾರ ಅವನೊಬ್ಬನೇ. ಮಾಲೀಕರು ಅವನಿಗೆ ಎಲ್ಲರ ಎದುರಿಗೇ ಹೇಳಿದರು: "ಕಪ್ ಬಂದರೆ ನೀನು ಪರ್ಮನೆಂಟ್."

ಅವನಿಗೆ ಹೆಬ್ಬೂರಿನಲ್ಲಿ ಹೆಣ್ಣು ನೋಡಿದ್ದರು. ಹುಡುಗ ಹುಡುಗಿ ಒಪ್ಪಿದ್ದರು, ಜಾತಕ ಕೂಡಿತ್ತು, ಕೂಡದೆ ಇದ್ದದ್ದು ಹೆಣ್ಣಿನ ಅಪ್ಪ ಮಾತ್ರ. "ಟೆಂಪರರಿಗೆ ಹೆಣ್ ಕೊಡಲ್ಲ. ಪರ್ಮನೆಂಟ್ ಆಗ್ಲಿ, ನಾಳೇನೇ ಚಪ್ಪರ ಹಾಕುಸ್ತೀನಿ" ಅಂತ ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹಾಗಾಗಿ ಆ ಕಪ್ಪಿನ ಮೇಲೆ ನಮಗೆಲ್ಲ ಶೋಕಿಯ ಆಸೆ, ಅವನಿಗೆ ಮಾತ್ರ ಜೀವದ ಆಸೆ.

ಮ್ಯಾನೇಜ್‌ಮೆಂಟು ಶುರುವಾಯಿತು. ಫೋರ್‌ಮನ್ನು ಕ್ಯಾಂಟೀನಿನ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೋಂಡಗಳನ್ನು ಆಟಗಾರರಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದರು. "ಇವ್ನು ಇಲ್ಲಿಂದ ಪಾಸ್ ಕೊಡ್ತಾನೆ, ಇವ್ನು ಈ ಕಡೆಯಿಂದ ಓಡ್ತಾನೆ, ಆಗ ನಮ್ಮ ಸೆಂಟರ್ ಫಾರ್ವರ್ಡು..." ಅಂತ ಕೈ ಚಾಚಿದರೆ ಸೆಂಟರ್ ಫಾರ್ವರ್ಡ್ ಇಲ್ಲ.

"ಸೆಂಟರ್ ಫಾರ್ವರ್ಡ್ ತಿಂದೋರು ಯಾರ್ರೀ?"

ಪೈಲ್ವಾನ್ರು ಬಾಯಿ ಒರೆಸಿಕೊಂಡು, "ಅವ್ನು ಅಲ್ಲಿ ಇರ್ಬಾರ್ದಿತ್ತು. ಆಫ್‌ಸೈಡು" ಅಂದರು.

ಚೆಂಡಿನ ದರ್ಶನ

ಪೈಲ್ವಾನ್ರ ಪ್ರಕಾರ ಮೊದಲು ಮೈ, ಆಮೇಲೆ ಆಟ. ಹುಡುಗರಿಗೆ ಬೆಳಿಗ್ಗೆ ದಂಡ, ಬಸ್ಕಿ, ಮೈಗೆ ಎಣ್ಣೆ, ನೆನೆಸಿದ ಕಡಲೆ. ಫೋರ್‌ಮನ್ನಿನ ಪ್ರಕಾರ ಮೊದಲು ತಲೆ, ಆಮೇಲೆ ಕಾಲು. ಥಿಯರಿ ಮುಗಿಯದೆ ಚೆಂಡು ಮುಟ್ಟುವ ಹಾಗಿಲ್ಲ. ಚೆಂಡು ಸ್ಟೋರಿನಲ್ಲಿ ಬೀಗದ ಒಳಗಿತ್ತು. ಎಲ್ಲದರಲ್ಲೂ ಕಿತ್ತಾಡುತ್ತಿದ್ದ ಇಬ್ಬರೂ ಒಪ್ಪಿಕೊಂಡದ್ದು ಒಂದೇ ಮಾತು, ಚೆಂಡನ್ನು ಈಗಲೇ ಹೊರಗೆ ತೆಗೆಯಬಾರದು ಅನ್ನುವುದು.

ಗೋಲಿ ಒಂದು ದಿನ ನನ್ನ ಕಿಟಕಿಯ ಹತ್ತಿರ ಬಂದು ನಿಂತ.

"ಸಾ, ಒಂದ್ ಮಾತು. ನೀವಾದ್ರೂ ಹೇಳಿ ಸಾ. ಒಂದೇ ಒಂದ್ಸಲ ಬಾಲ್ ತೋರ್ಸಕ್ಕೆ ಹೇಳಿ. ಎಷ್ಟ್ ದಪ್ಪ ಅದೆ ಅಂತಾನೂ ಗೊತ್ತಿಲ್ಲ ನಂಗೆ."

ನನಗೆ ಸಿಟ್ಟು ಬಂತು. ಇಬ್ಬರ ಹತ್ತಿರವೂ ಹೋಗಿ ಹೇಳಿದೆ, ಅವನ ಬಾಳು ಇದರ ಮೇಲಿದೆ ಕಣ್ರೀ ಅಂದೆ. ಫೋರ್‌ಮನ್ನು "ಅದ್ಕೇ ಆತುರ ಪಡ್ಬಾರ್ದು" ಅಂದರು. ಪೈಲ್ವಾನ್ರು "ಅವ್ನಿಗೆ ಇನ್ನೂ ತೊಡೆ ಬಂದಿಲ್ಲ" ಅಂದರು.

ಮೊದಲನೇ ಮ್ಯಾಚಿಗೆ ಎದುರಾಳಿಗಳಲ್ಲಿ ಅರ್ಧ ಜನಕ್ಕೆ ಮದ್ರಾಸ್ ಐ ಬಂದು ಟೀಮೇ ಬರಲಿಲ್ಲ. ಎರಡನೆಯದಕ್ಕೆ ಎದುರು ಟೀಮಿನ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ನಾವು ಚೆಂಡು ಮುಟ್ಟದೆ ಫೈನಲ್ಲಿಗೆ ಬಂದೆವು. ಆ ವಾರವೆಲ್ಲ ಕ್ಯಾಂಟೀನಿನಲ್ಲಿ ನಡೆದ ಜಗಳ ಏನೆಂದರೆ, ಆ ಬಸ್ಸು ಕೆಟ್ಟದ್ದು ಯಾರ ಮ್ಯಾನೇಜ್‌ಮೆಂಟಿನಿಂದ ಅನ್ನುವುದು.

ಗುಬ್ಬಿಯ ಫೈನಲ್ಲು

ಭಾನುವಾರ ಮಧ್ಯಾಹ್ನ ಲಾರಿಯಲ್ಲಿ ಗುಬ್ಬಿಗೆ ಹೋದೆವು. ಎದುರಾಳಿ ಗುಬ್ಬಿಯದೇ ಟೀಮು, ಮೈದಾನದ ಸುತ್ತ ಜನವೋ ಜನ. ಹೆಬ್ಬೂರಿನ ಮಾವನಾಗುವವರೂ ಛತ್ರಿ ಹಿಡಿದು ಬಂದಿದ್ದರು. ನನ್ನನ್ನು ಕಂಡು, "ಇವತ್ತು ಪರ್ಮನೆಂಟ್ ಆಯ್ತದಾ?" ಅಂತ ಕೇಳಿದರು. ಗೋಲಿ ಗೋಲ್‌ಪೋಸ್ಟಿಗೆ ಕೈ ಮುಗಿದು ನಿಂತಿದ್ದ. ರೆಫರಿ ಒಬ್ಬ ಡ್ರಿಲ್ ಮೇಷ್ಟ್ರು. ಅವರು ಸೀಟಿಯನ್ನು ಬಾಯಿಗೆ ಇಡುವಷ್ಟರಲ್ಲಿ ಪೈಲ್ವಾನ್ರು ಮೈದಾನದ ನಡುವೆ ಬಂದು ಕೈ ಎತ್ತಿದರು.

"ಮೇಷ್ಟ್ರೇ, ಜೋಡಿ ಕಟ್ದೆ ಹೆಂಗೆ ಶುರು ಮಾಡ್ತೀರಿ?"

ನಮ್ಮ ಕಡೆ ಮಣ್ಣಿನ ಕುಸ್ತಿ ನೋಡಿದವರಿಗೆ ಇದು ಗೊತ್ತು. ಪೈಲ್ವಾನರನ್ನು ಎದುರು ಬದುರು ನಿಲ್ಲಿಸಿ, ಎತ್ತರ, ಮೈಕಟ್ಟು ನೋಡಿ, ಸುತ್ತಲಿನ ಜನ ಒಪ್ಪಿದ ಮೇಲೇ ಹಿಡಿಯಲು ಬಿಡುವುದು. ಅದಕ್ಕೆ ಜೋಡಿ ಕಟ್ಟುವುದು ಅನ್ನುತ್ತಾರೆ. ಜೋಡಿ ಸಿಗದವನ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಮರ್ಯಾದೆಯಿಂದ ಆಚೆ ಕಳಿಸಬೇಕು ಅಂತ ಪೈಲ್ವಾನ್ರು ಸೇರಿಸಿದರು.

"ಇದು ಫುಟ್‌ಬಾಲ್ ಕಣ್ರೀ!" ಅಂದರು ಮೇಷ್ಟ್ರು.

ಆದರೆ ಗುಬ್ಬಿಯ ಜನ ಫುಟ್‌ಬಾಲು ನೋಡಿದ್ದು ಆ ವರ್ಷ, ಕುಸ್ತಿ ನೋಡಿದ್ದು ಅಜ್ಜನ ಕಾಲದಿಂದ. "ಸರಿಯಾಗ್ ಹೇಳ್ತಾವ್ರೆ! ಜೋಡಿ ಇಲ್ದೆ ಬುಟ್ಟು ಹುಡುಗ್ರ ಮೂಳೆ ಮುರುದ್ರೆ ನೀವ್ ಕಟ್ಟುಸ್ತೀರಾ ಮೇಷ್ಟ್ರೇ?" ಅಂತ ಜನವೆಲ್ಲ ಒಳಗೆ ನುಗ್ಗಿದರು. ಮೇಷ್ಟ್ರು ಕೈ ಚೆಲ್ಲಿ ಚೆಂಡಿನ ಮೇಲೆ ಕೂತರು.

ಒಬ್ಬೊಬ್ಬರನ್ನೇ ಎದುರು ಬದುರು ನಿಲ್ಲಿಸಿದರು. ಮುದುಕರು ಬಂದು ತೋಳು ಅಮುಕಿ, ತೊಡೆ ತಟ್ಟಿ ನೋಡಿದರು. ಎದುರು ಟೀಮಿನ ಪ್ರಾಣವೇ ಆಗಿದ್ದ ಸೆಂಟರ್ ಫಾರ್ವರ್ಡು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು, ಭೀಮನಂಥ ಆಳು. ನಮ್ಮಲ್ಲಿ ಅವನ ಸಮ ಯಾರೂ ಇಲ್ಲ. "ಜೋಡಿ ಇಲ್ಲ! ಜೋಡಿ ಇಲ್ಲ!" ಅಂತ ಅವರ ಊರಿನವರೇ ಕೂಗಿ, ಅವನ ಕೈಗೆ ಕಾಯಿ ಕೊಟ್ಟು ಆಚೆ ಕಳಿಸಿದರು. ನಮ್ಮ ಕಡೆಯಿಂದಲೂ ಒಬ್ಬ ಜೋಡಿಯಿಲ್ಲದೆ ಹೊರಬಿದ್ದ. ಪೈಲ್ವಾನ್ರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಫೋರ್‌ಮನ್ನು ಪಕ್ಕದವರಿಗೆ, "ಇದು ನನ್ನದೇ ಐಡಿಯಾ" ಅನ್ನುತ್ತಿದ್ದರು. ನನಗೂ ಅರೆಕ್ಷಣ ಇವರಿಬ್ಬರ ಮೇಲೆ ಗೌರವ ಬಂತು.

ಅಷ್ಟರಲ್ಲಿ ಜನರ ನಡುವಿನಿಂದ ಯಾರೋ, "ಗೋಲಿಗಳ ಜೋಡಿ?" ಅಂದರು.

ಅವರ ಗೋಲಿ ಹೋಟೆಲಿನ ಅಡುಗೆಯವನು, ಗಿಡ್ಡ, ಗುಂಡಗೆ. ನಮ್ಮವನನ್ನು ಅವನ ಪಕ್ಕ ನಿಲ್ಲಿಸಿದರೆ ಒರಳಿನ ಪಕ್ಕ ಒನಕೆ ಇಟ್ಟ ಹಾಗಾಯಿತು. "ಇಲ್ಲ! ಇಲ್ಲ!" ಅಂತ ಜನ. ನಮ್ಮ ಗೋಲಿ, "ಸಾ, ನಾನ್ ಆಡ್ಲೇಬೇಕು ಸಾ, ನನ್ ಮದ್ವೆ ಸಾ" ಅಂತ ಪೈಲ್ವಾನ್ರ ಕೈ ಹಿಡಿದುಕೊಂಡ. ಪೈಲ್ವಾನ್ರು ಅವನನ್ನು ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ಅಡುಗೆಯವನ ಹೊಟ್ಟೆಯನ್ನು, ಆಮೇಲೆ ತಮ್ಮದನ್ನು.

"ಇವನಿಗೆ ನಾನ್ ಜೋಡಿ!" ಅಂತ ಅಂಗಿ ಕಳಚಿ, ಪಂಚೆ ಕಚ್ಚೆ ಕಟ್ಟಿ ತೊಡೆ ತಟ್ಟಿದರು. ಜನ ಹುಚ್ಚೆದ್ದು ಸೀಟಿ ಹೊಡೆದರು. ಗೋಲಿ ಗೆರೆಯ ಆಚೆ ಬಂದು ಮಾವನ ಪಕ್ಕ ನಿಂತ. ಮಾವ ಅವನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು: "ಏನಪ್ಪಾ, ಆಟಕ್ಕೂ ನೀನು ಟೆಂಪರರೀನಾ?"

ಅವನ ಕಣ್ಣಲ್ಲಿ ನೀರಿತ್ತು. ನನಗೆ ಆ ಇಬ್ಬರು ಮ್ಯಾನೇಜರುಗಳನ್ನೂ ಲಾರಿಯ ಕೆಳಗೆ ಮಲಗಿಸುವಷ್ಟು ಕೋಪ ಬಂದಿತ್ತು.

ಆಟ ಶುರುವಾಯಿತು ಅನ್ನಬೇಕು. ಜೋಡಿ ಕಟ್ಟಿದ ಮೇಲೆ ಪ್ರತಿಯೊಬ್ಬನೂ ತನ್ನ ಜೋಡಿಯವನನ್ನು ಬಿಟ್ಟು ಅಲ್ಲಾಡಲಿಲ್ಲ. ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾ, ಭುಜಕ್ಕೆ ಭುಜ ತಾಗಿಸಿ ಸುತ್ತುತ್ತಿದ್ದರು. ಚೆಂಡಿಗೆ ಯಾರೂ ಜೋಡಿ ಇಲ್ಲದೆ ಅದು ಮೈದಾನದ ನಡುವೆ ಒಂಟಿಯಾಗಿ ಬಿದ್ದಿತ್ತು. ಫೋರ್‌ಮನ್ನು "ಮ್ಯಾನ್ ಟು ಮ್ಯಾನ್ ಮಾರ್ಕಿಂಗ್! ಬೆಂಗಳೂರಲ್ಲೂ ಹಿಂಗ್ ಮಾಡಲ್ಲ!" ಅಂತ ಕುಣಿಯುತ್ತಿದ್ದರು.

ಕೊನೆಗೆ ಅವರ ಕಡೆಯ ಒಬ್ಬ ಸಣಕಲು ಆಟಗಾರನಿಗೆ ಬೇಜಾರಾಗಿರಬೇಕು. ಅವನು ಚೆಂಡನ್ನು ತಳ್ಳಿಕೊಂಡು ನಮ್ಮ ಗೋಲಿನ ಕಡೆ ಬಂದ. ಪೈಲ್ವಾನ್ರು ಮುಂದೆ ಬಂದು, ಕುಸ್ತಿಗೆ ಮೊದಲು ಮಾಡುವ ಸಲಾಮಿಗೆ ಕೈ ಚಾಚಿದರು. ಅವನು ಮರ್ಯಾದಸ್ಥ, ಕೈ ಕೊಟ್ಟ. ಅಷ್ಟೇ. ಕಣ್ಣು ಮಿಟುಕಿಸುವುದರೊಳಗೆ ಪೈಲ್ವಾನ್ರು ಅವನನ್ನು ಸೊಂಟದ ಮೇಲೆ ಎತ್ತಿ, ಬೆನ್ನು ನೆಲಕ್ಕೆ ಅಂಟಿಸಿ, ಎದೆಯ ಮೇಲೆ ಕೂತು "ಚಿತ್!" ಅಂತ ಕೂಗಿದರು. ಅವರ ಹಿಂದೆ ಚೆಂಡು ತನ್ನ ಪಾಡಿಗೆ ತಾನು ಉರುಳುತ್ತಾ, ಯಾರಿಗೂ ತೊಂದರೆ ಕೊಡದೆ ಗೋಲಿನ ಒಳಗೆ ಹೋಯಿತು.

ಮೇಷ್ಟ್ರು ಸೀಟಿ ಊದಿ "ಗೋಲ್!" ಅಂದರು.

"ಏನ್ ಗೋಲು? ಚಿತ್ ಮಾಡಿರೋದ್ ನಾನು, ಗೆದ್ದೋನ್ ಅವ್ನಾ?"

ಜನ ಮೇಷ್ಟ್ರ ಮಾತು ಕೇಳಲೇ ಇಲ್ಲ. ತಮ್ಮ ಊರಿನ ಟೀಮು ಗೋಲು ಹೊಡೆದದ್ದು ಮರೆತು, ಪೈಲ್ವಾನ್ರ ಕೊರಳಿಗೆ ಹಾರ ಹಾಕಿ, ಹೆಗಲ ಮೇಲೆ ಹೊತ್ತು ತಮಟೆಯೊಂದಿಗೆ ಮೈದಾನ ಸುತ್ತಿಸಿದರು. ಆ ಮೆರವಣಿಗೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು, ಆಟವೂ ಮುಗಿಯಿತು. ಕಪ್ಪು ಗುಬ್ಬಿಯಲ್ಲೇ ಉಳಿಯಿತು.

ನಮ್ಮ ಮಾಲೀಕರು ಕಾರಿನಲ್ಲಿ ಬಂದು ಇಳಿದದ್ದು, ಪೈಲ್ವಾನ್ರು ಆ ಸಣಕಲನ ಎದೆಯ ಮೇಲೆ ಕೂತಿದ್ದ ಗಳಿಗೆಯಲ್ಲೇ. ಅವರು ಎಲ್ಲ ಮುಗಿಯುವವರೆಗೂ ಕಾರಿನ ಬಾಗಿಲು ಹಿಡಿದೇ ನಿಂತಿದ್ದರು. ಆಮೇಲೆ ಟೀಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು: "ಇಲ್ಲಿ ಮ್ಯಾನೇಜರ್ ಯಾರು?"

ಇಷ್ಟು ದಿನ ಆ ಪಟ್ಟಕ್ಕೆ ಹೊಡೆದಾಡಿದ್ದ ಫೋರ್‌ಮನ್ನು ಪೈಲ್ವಾನ್ರನ್ನು ತೋರಿಸಿದರು. ಕೊರಳಿನ ಹಾರ ತೆಗೆಯುತ್ತಿದ್ದ ಪೈಲ್ವಾನ್ರು ಫೋರ್‌ಮನ್ನನ್ನು ತೋರಿಸಿದರು.

ಮಾಲೀಕರು ಗೋಲಿಯ ಕಡೆ ತಿರುಗಿ, "ನೀನು ಯಾಕೆ ಆಚೆ ನಿಂತಿದ್ದೆ?" ಅಂದರು.

"ನನ್ ತೂಕ ಕಮ್ಮಿ ಆಯ್ತಂತೆ ಸಾ" ಅಂದ ಅವನು, ನೆಲ ನೋಡುತ್ತಾ.

ಮಾಲೀಕರು ಪರ್ಮನೆಂಟ್ ಆಗಿದ್ದ ಉಳಿದವರನ್ನೆಲ್ಲ ಒಂದು ಸಲ ನೋಡಿದರು. ಎಣ್ಣೆ ಹಚ್ಚಿದ ಮೈ, ಬಂದ ತೊಡೆ, ಮುಗಿದ ಥಿಯರಿ. "ನನ್ನ ಮಾನ ಕಳೆಯದೆ ಇದ್ದವನು ಇವನೊಬ್ಬನೇ. ಇವನು ಒಂದು ಗೋಲೂ ಬಿಟ್ಟಿಲ್ಲ. ನಾಳೆ ಆಫೀಸಿಗೆ ಬಂದು ಪರ್ಮನೆಂಟ್ ಆರ್ಡರ್ ತಗೋ" ಅಂತ ಹೇಳಿ ಕಾರು ಹತ್ತಿದರು.

ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ನಾನು ಅಪ್ಪಿಕೊಳ್ಳುವ ಮೊದಲೇ ಹೆಬ್ಬೂರಿನ ಮಾವ ಛತ್ರಿ ಬಿಸಾಕಿ ಅಪ್ಪಿಕೊಂಡಿದ್ದರು. "ಅಳಿಯಂದ್ರೇ, ಬಿಸ್ಲಲ್ಲಿ ಯಾಕ್ ನಿಂತಿದೀರಿ?" ಅಂತ ಕೇಳುತ್ತಿದ್ದರು. ಸೂರ್ಯ ಆಗಲೇ ಮುಳುಗಿದ್ದ.

ಲಾರಿಯಲ್ಲಿ ವಾಪಸ್ ಬರುವಾಗ ಯಾರಾದರೂ ಅವನಿಗೆ ಒಂದು ಒಳ್ಳೆಯ ಮಾತು ಹೇಳುತ್ತಾರೆ ಅಂದುಕೊಂಡಿದ್ದೆ. ಎಲ್ಲಿ! ಅಲ್ಲಿ ಆಗಲೇ ಎರಡು ಪಾರ್ಟಿಯಾಗಿತ್ತು. ಚಿತ್ ಮೊದಲು ಆದದ್ದೋ, ಗೋಲು ಮೊದಲು ಆದದ್ದೋ ಅನ್ನುವ ವಾದ ತುಮಕೂರು ಮುಟ್ಟಿದರೂ ಮುಗಿಯಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಮರುವರ್ಷ ಟೂರ್ನಮೆಂಟು ಬಂದಾಗ ಫೋರ್‌ಮನ್ನು, ಪೈಲ್ವಾನ್ರು ಇಬ್ಬರೂ ಒಟ್ಟಿಗೇ ಅವನ ಮಿಷನ್ನಿನ ಹತ್ತಿರ ಹೋಗಿ, ಈ ಸಲ ಗೋಲಿನಲ್ಲಿ ನೀನೇ, ಯಾರೂ ನಿನ್ನನ್ನು ತೆಗೆಯುವುದಿಲ್ಲ ಅಂತ ಭರವಸೆ ಕೊಟ್ಟರು. ಅವನು ಮಿಷನ್ ನಿಲ್ಲಿಸಿ, ಎರಡೂ ಕೈ ಜೋಡಿಸಿದ.

"ಬೇಡಿ ಸಾ, ನಿಮ್ ಕಾಲಿಗ್ ಬೀಳ್ತೀನಿ. ಆಡ್ದೆ ಪರ್ಮನೆಂಟ್ ಆಗಿವ್ನಿ. ಆಡಿ ಯಾಕ್ ಕಳ್ಕಳ್ಲಿ?"